ಭೀಮನ ತೂಕ, ಅಮ್ಮನ ಅಭ್ಯಂಜನ

ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಮನೆಗೆ ಒಂದು ಚೀಲ ಎಳೆ ಸೌತೆಕಾಯಿ ಬರುತ್ತಿತ್ತು. ಕಳಿಸುತ್ತಿದ್ದವನು ಭೀಮ. ಅವನ ನಿಜವಾದ ಹೆಸರು ಚೆಲುವಯ್ಯ, ಹಗಲಿನ ಕಸುಬು ಹೊಲಿಗೆ, ಪೇಟೆಬೀದಿಯ ಕೊನೆಯಲ್ಲಿ ಅಂಗಡಿ. ನವರಾತ್ರಿಯ ನಾಟಕದಲ್ಲಿ ವರ್ಷ ವರ್ಷವೂ ಭೀಮನ ಪಾತ್ರ ಅವನದೇ ಆದ್ದರಿಂದ ಊರು ಅವನನ್ನು ಕರೆಯುವುದೇ ಹಾಗೆ. ಸೌತೆಕಾಯಿ ಕಳಿಸುವುದರಲ್ಲಿ ಪ್ರೀತಿಯಿತ್ತು ಎಂದು ಹೇಳಲಾರೆ. ಅವನು ನನ್ನ ತಕ್ಕಡಿನಂಟ. ನಾನು ಸೌತೆಕಾಯಿ ತಿಂದು ಸೊರಗಿದಷ್ಟೂ ಅವನು ಭೀಮನಾಗುತ್ತಿದ್ದ.

ನಮ್ಮ ಊರಿನಲ್ಲಿ ಮಗುವಿಗೆ ಹೆಸರಿಡುವ ದಿನವೇ ಅದರ ತಕ್ಕಡಿನಂಟರು ಯಾರು ಎಂಬುದನ್ನೂ ಗೊತ್ತುಮಾಡುತ್ತಾರೆ. ಬೆಳೆಯುವ ವಯಸ್ಸು ಕಳೆದ ಮೇಲೆ ಒಬ್ಬರು ಎಷ್ಟು ಇಳಿಯುತ್ತಾರೋ ಇನ್ನೊಬ್ಬರು ಅಷ್ಟೇ ಏರುತ್ತಾರೆ. ಮದುವೆ ಮಾತುಕತೆಯಲ್ಲಿ ಜಾತಕ ಬಿಚ್ಚುವ ಮೊದಲು ಹುಡುಗಿಯ ತಕ್ಕಡಿನಂಟರಿಗೆ ಏನು ಉದ್ಯೋಗ ಎಂದು ಕೇಳುತ್ತಾರೆ. ಮಿಠಾಯಿ ಅಂಗಡಿ ಎಂದರೆ ಗಂಡಿನ ಕಡೆಯವರ ಮುಖ ಅರಳುತ್ತದೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ದ್ರವ್ಯ ನಾಶವಾಗುವುದಿಲ್ಲ ಎಂಬ ಪಾಠಕ್ಕೆ ಬೇರೆ ಕಡೆ ಗಾಜಿನ ಪಾತ್ರೆಯೊಳಗೆ ಮೇಣದಬತ್ತಿ ಉರಿಸಿ ತೋರಿಸಬೇಕಂತೆ. ನಮ್ಮ ಮಕ್ಕಳು ಆ ಪಾಠದಲ್ಲಿ ಆಕಳಿಸುತ್ತಾರೆ. "ಗೊತ್ತು ಮಿಸ್," ಎಂದು ಒಬ್ಬಳು ಒಮ್ಮೆ ಹೇಳಿದ್ದಳು, "ನಮ್ಮಪ್ಪಂಗೆ ಟೈಫಾಯ್ಡ್ ಬಂದಾಗ ಪೋಸ್ಟ್‌ಮ್ಯಾನ್‌ಗೆ ಪ್ಯಾಂಟ್ ಹಿಡಿಸ್ಲಿಲ್ಲ."

ನಾನು ಪಥ್ಯ ಹಿಡಿದದ್ದು ಡಿಗ್ರಿ ಓದುವಾಗ. ಯಾರೋ ಹಿಂದಿನ ಬೆಂಚಿನಿಂದ ರುಬ್ಬುಗುಂಡು ಅಂದರು. ಅಂದವರ ಮುಖ ಮರೆತಿದೆ, ಮಾತು ಮರೆತಿಲ್ಲ. ಮೊದಲು ಅನ್ನ ಬಿಟ್ಟೆ, ಆಮೇಲೆ ಸಿಹಿ ಬಿಟ್ಟೆ, ಆಮೇಲೆ ಹೊತ್ತು ಮುಳುಗಿದ ಮೇಲೆ ತಿನ್ನುವುದನ್ನೇ ಬಿಟ್ಟೆ. ಒಂದು ಬೇಸಿಗೆಯಿಡೀ ಪರಂಗಿಹಣ್ಣು, ಒಂದು ಮಳೆಗಾಲವಿಡೀ ಹುರುಳಿಕಟ್ಟು. ಎಲ್ಲವನ್ನೂ ಕ್ರಮವಾಗಿ ಮಾಡಿದೆ, ಏಕೆಂದರೆ ಹಸಿವಿಗೆ ಒಂದು ಕ್ರಮ ಕಟ್ಟಿಕೊಟ್ಟರೆ ಜನ ಅದನ್ನು ಶಿಸ್ತು ಎನ್ನುತ್ತಾರೆ. ಕೆಲಸ ಸಿಕ್ಕ ಮೇಲೆ ಮಧ್ಯಾಹ್ನದ ಅನ್ನವನ್ನು ಪ್ರಯೋಗಾಲಯದ ತಕ್ಕಡಿಯಲ್ಲೇ ತೂಗಿ ಉಣ್ಣತೊಡಗಿದೆ. ಒಮ್ಮೆ ತಟ್ಟೆಯಲ್ಲಿ ಯಾರೋ ಉಳಿಸಿದ್ದ ಪೊಟ್ಯಾಸಿಯಂ ಪರ್ಮಾಂಗನೇಟು ತಾಗಿ ಅನ್ನ ನೇರಳೆ ಬಣ್ಣಕ್ಕೆ ತಿರುಗಿತು. ಚೆಲ್ಲಬೇಕಾಯಿತು. ಬೇಸರವಾಗಲಿಲ್ಲ, ಒಂದು ಹೊತ್ತು ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಯಾಯಿತು.

ಊರಿಗೆ ನನ್ನ ಮೇಲೆ ತುಂಬಾ ಗೌರವ. ಹೆಂಗಸರಿಗೆ ನನ್ನ ಸೊಂಟದ ಮೇಲೆ, ಗಂಡಸರಿಗೆ ಚೆಲುವಯ್ಯನ ಹೊಟ್ಟೆಯ ಮೇಲೆ. ನಾಟಕ ಸಂಘದವರು ಒಂದು ವರ್ಷ ನನ್ನನ್ನು ವೇದಿಕೆಗೆ ಕರೆದು ಕಲಾಪೋಷಕಿ ಎಂದು ಶಾಲು ಹೊದಿಸಿದರು. ಶಾಲಿನ ಭಾರಕ್ಕೆ ಸ್ವಲ್ಪ ಬಾಗಿದೆ. ವಿನಯ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಅಮ್ಮನ ಕಥೆ ಬೇರೆ. ಅವಳ ತಕ್ಕಡಿನಂಟರು ಗುಡ್ಡದ ಮಠದ ಸ್ವಾಮಿಗಳು. ಉಪವಾಸಕ್ಕೆ ಹೆಸರಾದವರು. ಅವರು ದೇಹದ ಮೋಹ ಬಿಟ್ಟಷ್ಟೂ ಬಿಟ್ಟ ಮೋಹ ಗುಡ್ಡ ಇಳಿದು ಬಂದು ಅಮ್ಮನ ಸೊಂಟದ ಮೇಲೆ ಕೂರುತ್ತಿತ್ತು. ಅಮ್ಮ ಅದನ್ನು ಪ್ರಸಾದ ಎನ್ನುತ್ತಿದ್ದಳು. ಮಂಡಿ ಹಿಡಿದ ದಿನ ಬೇರೆ ಏನೋ ಎನ್ನುತ್ತಿದ್ದಳು. ಮಠದ ಭಕ್ತರು ದಾರಿಯಲ್ಲಿ ಸಿಕ್ಕರೆ ಅವಳ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡು, "ಬುದ್ಧಿಯವರ ತಪಸ್ಸು ಇಲ್ಲಿ ಕಾಣುತ್ತೆ ನೋಡಿ" ಎನ್ನುತ್ತಿದ್ದರು.

ಅಮ್ಮನಿಗೆ ಬದುಕಿನಲ್ಲಿ ಒಂದೇ ಭೋಗವಿತ್ತು, ಶನಿವಾರದ ಎಣ್ಣೆಸ್ನಾನ. ಹಂಡೆಯ ನೀರು ಕುದಿಯುವಷ್ಟು ಕಾಯಬೇಕು, ನೆತ್ತಿಗೆ ಬೆಚ್ಚಗಿನ ಹರಳೆಣ್ಣೆ ಬಡಿಯಬೇಕು, ಬಚ್ಚಲಿನ ತಗ್ಗು ಮಣೆಯ ಮೇಲೆ ಕಾಲು ಚಾಚಿ ಕೂತು ಒಬ್ಬೊಬ್ಬರನ್ನಾಗಿ ಬೈಯಬೇಕು. ಸತ್ತ ಅತ್ತೆಯಿಂದ ಶುರುವಾಗಿ, ನಾದಿನಿಯರನ್ನು ಮುಗಿಸಿ, ಹಾಲಿನವನ ತನಕ ಬರುವಷ್ಟರಲ್ಲಿ ಹಂಡೆ ಬರಿದಾಗುತ್ತಿತ್ತು. ಹೊರಗೆ ಬರುವಾಗ ಅವಳ ಮುಖದಲ್ಲಿ ಇರುತ್ತಿದ್ದ ಶಾಂತಿಯನ್ನು ನಾನು ಸ್ವಾಮಿಗಳ ಮುಖದಲ್ಲಿ ಕಂಡಿಲ್ಲ.

ಕಾರ್ತಿಕದಲ್ಲಿ ಸ್ವಾಮಿಗಳು ಲೋಕಕಲ್ಯಾಣಕ್ಕಾಗಿ ಒಂದು ವರ್ಷ ಬರೀ ಹಾಲು ಕುಡಿದಿರುವ ವ್ರತ ಹಿಡಿದರು. ಅದಾದ ಸ್ವಲ್ಪ ದಿನಕ್ಕೆ ಒಂದು ಶನಿವಾರ ಮಣೆಯಿಂದ ಏಳಲು ಹೋದ ಅಮ್ಮ ಜಾರಿ ಬಿದ್ದಳು. ಏಟೇನೂ ಆಗಿರಲಿಲ್ಲ. ಎದ್ದು ನಿಲ್ಲಬೇಕಿತ್ತು, ಅಷ್ಟೇ. ನಾನು ಕೈ ಹಿಡಿದು ಎಳೆದೆ. ಕಂಕುಳಿಗೆ ಕೈ ಹಾಕಿ ಎಳೆದೆ. ಹಿಂದಿನಿಂದ ನೂಕಿದೆ. ಕಣ್ಣಿಗೆ ಕತ್ತಲೆ ಬಂತು, ಗೋಡೆ ಹಿಡಿಯುತ್ತಾ ಅವಳ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತೆ. ಅಮ್ಮ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ನಿನ್ನ ಕರೆದಿದ್ದೇ ತಪ್ಪಾಯ್ತು ಕಣೇ ವಾರಿಜಾ. ಈಗ ಎತ್ತೋಕೆ ಇಬ್ಬರಾದ್ವಿ."

ಕೊನೆಗೆ ಪಕ್ಕದ ಮನೆಯವರು ಬಂದರು. ಅಮ್ಮನಿಗೆ ಸೀರೆ ಹೊದಿಸಿ, ಬೀರು ಸಾಗಿಸುವ ಹಾಗೆ "ನಿಮ್ಮ ಕಡೆ ಸ್ವಲ್ಪ ಎತ್ತಿ, ಬಾಗಿಲು ನೋಡ್ಕೊಳ್ಳಿ" ಎನ್ನುತ್ತಾ ಹೊರಗೆ ತಂದರು. ಅವರೆದುರು ಅಮ್ಮ ನಕ್ಕಳು. ಮುಂದಿನ ಶನಿವಾರ ಹಂಡೆಗೆ ಬೆಂಕಿ ಹಾಕಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ನಲ್ಲಿ ಹಿಡಿದುಕೊಂಡು ನಿಂತೇ ನಾಲ್ಕು ಚೊಂಬು ಸುರಿದುಕೊಂಡು ಹೊರಗೆ ಬರತೊಡಗಿದಳು, ಬಸ್ ಸ್ಟ್ಯಾಂಡಿನಲ್ಲಿ ಮುಖ ತೊಳೆದುಕೊಂಡವರ ಹಾಗೆ. ಯಾರನ್ನೂ ಬೈಯುತ್ತಿರಲಿಲ್ಲ. ಮಣೆಯ ಮೇಲೆ ಕೂತುಕೋ, ನಾನಿದ್ದೇನೆ ಎಂದರೆ, "ನೀನಿದ್ದೀಯ, ಅದೇ ಭಯ" ಎಂದಳು.

ಪ್ರೋಟೀನು ದೇಹವನ್ನು ಕಟ್ಟುತ್ತದೆ ಎಂದು ಎಷ್ಟೋ ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಾನು. ಬರೆಯುವಾಗ ಕೈ ಮೇಲೆತ್ತಿದರೆ ಭುಜ ಸೋಲುತ್ತಿತ್ತು. ಆ ವಾರ ಮೊದಲ ಬಾರಿಗೆ ನನಗೆ ತೆಳ್ಳಗಾಗಬೇಕು ಎನ್ನಿಸುವುದರ ಬದಲು ಏನಾದರೂ ಎತ್ತಬೇಕು ಎನ್ನಿಸಿತು. ಗರಡಿಮನೆಗೆ ಹೋದೆ.

ಗರಡಿಯ ಉಸ್ತಾದ್ ಮರಿಸ್ವಾಮಪ್ಪ ಕೆಮ್ಮಣ್ಣಿಗೆ ಮಜ್ಜಿಗೆ ಚಿಮುಕಿಸುತ್ತಿದ್ದರು.

"ಏನಾಗ್ಬೇಕಿತ್ತು ಮೇಡಂ?"

"ನಮ್ಮಮ್ಮನ್ನ ಎತ್ತಬೇಕು."

"ತೂಕ ಎಷ್ಟಿದೆ?"

"ಈಗಿನದು ಹೇಳ್ಲಾ, ಮುಂದಿನ ಕಾರ್ತಿಕದ್ದು ಹೇಳ್ಲಾ?"

ಅವರು ಚೆಂಬು ಕೆಳಗಿಟ್ಟರು. "ಓ, ನೀವು ಬುದ್ಧಿಯವರ ಕಡೆಯೋರ ಮಗಳು. ಹಾಲಿನ ವ್ರತ ಅಲ್ವಾ? ಕಷ್ಟ ಇದೆ." ಆಮೇಲೆ ನನ್ನ ಮಣಿಕಟ್ಟು ನೋಡಿ ಇನ್ನಷ್ಟು ಕಷ್ಟ ಎಂಬ ಮುಖ ಮಾಡಿದರು. ಆದರೆ ಇಲ್ಲ ಎನ್ನಲಿಲ್ಲ. ಗರಡಿಗೆ ಒಂದು ಕಟ್ಟಳೆಯಿತ್ತು: ಸಾಮು ಕಲಿಯುವವರು ತಕ್ಕಡಿನಂಟರನ್ನೂ ಕರೆತರಬೇಕು, ಇಬ್ಬರೂ ಕಲಿಯಬೇಕು. "ಒಬ್ಬರ ಮೈ ಕಟ್ಟಿಸಿದ್ರೆ ಇನ್ನೊಬ್ಬರ ಮನೆಯೋರು ಬಂದು ನನ್ನ ಬಾಗಿಲು ಮುರೀತಾರೆ. ಎರಡು ಸಲ ಮುರಿದಿದ್ದಾರೆ" ಎಂದು ಹೊಸ ಬಾಗಿಲನ್ನು ತೋರಿಸಿದರು.

ಚೆಲುವಯ್ಯ ಹೊಲಿಗೆ ಯಂತ್ರದ ಹಿಂದೆ ಗುಡ್ಡದಂತೆ ಕೂತಿದ್ದ. ಹೆಂಡತಿ ಕೆಂಪಮ್ಮ ನೆಲದ ಮೇಲೆ ಕೂತು ಕಾಜಾ ಹಾಕುತ್ತಿದ್ದಳು.

"ಬನ್ನಿ ಮೇಡಮ್ಮೋರೇ. ಸೌತೆಕಾಯಿ ಎಳೇದಿತ್ತಾ?"

"ಚೆಲುವಯ್ಯ, ನಾಳೆಯಿಂದ ನಾನು ಊಟ ಮಾಡ್ತೀನಿ."

ಯಂತ್ರ ನಿಂತಿತು. "ಏನು ಊಟ?"

"ಮುದ್ದೆ."

"ಒಂದಾ?"

"ಸದ್ಯಕ್ಕೆ ಒಂದು."

ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ನಾನೇನು ಮಾಡಿದೆ ನಿಮಗೆ? ಬ್ಲೌಸು ಬಿಗಿ ಹೊಲಿದ್ನಾ?" ಅಮ್ಮ ಬಿದ್ದದ್ದನ್ನು ಹೇಳಿದೆ. ಅವನು ನಿಟ್ಟುಸಿರುಬಿಟ್ಟ. "ಅಷ್ಟೇ ತಾನೇ? ಅಮ್ಮಾವ್ರನ್ನ ಎತ್ತೋಕೆ ಜನ ಕಳಿಸ್ತೀನಿ ಬಿಡಿ. ಸಂಘದಲ್ಲಿ ಪಾಂಡವರು ಐದೂ ಜನ ಇದ್ದೀವಿ."

"ಬಚ್ಚಲಿಗಾ?" ಎಂದೆ.

ಕೆಂಪಮ್ಮ ನಗು ತಡೆಯಲಾರದೆ ಸೂಜಿ ಚುಚ್ಚಿಕೊಂಡಳು. ಇಬ್ಬರೂ ಸಮಸಮ ಉಂಡರೆ ತಕ್ಕಡಿ ಅಲ್ಲಾಡುವುದಿಲ್ಲ, ಅವನ ತೂಕ ಅವನಿಗೇ ಇರುತ್ತದೆ, ಗರಡಿಗೆ ಬಂದು ನನ್ನ ಜೊತೆ ಸಾಮು ಮಾಡಿದರೆ ಸಾಕು ಎಂದು ಸಮಾಧಾನವಾಗಿ ವಿವರಿಸಿದೆ.

"ಸಾಮಾ? ನಾನಾ? ನಾನು ಭೀಮ ಮೇಡಮ್ಮೋರೇ. ನನಗ್ಯಾಕೆ ಸಾಮು?"

"ಅಟ್ಟದ ಮೇಲಿರೋ ಗದೆ ತಗೊಳ್ಳೋಕೆ ಏಣಿ ಹತ್ತಲ್ಲ ಈ ಭೀಮ," ಎಂದಳು ಕೆಂಪಮ್ಮ. "ವರ್ಷಾ ವರ್ಷಾ ನಾನೇ ಇಳಿಸಿಕೊಡಬೇಕು. ಅದೂ ರಟ್ಟಿನ ಗದೆ."

"ನೀನು ಸುಮ್ನಿರು. ಆಗಲ್ಲ ಮೇಡಮ್ಮೋರೇ. ಆಗಲ್ಲ ಅಂದ್ರೆ ಆಗಲ್ಲ."

"ಸರಿ ಹಾಗಾದ್ರೆ, ನಾನೊಬ್ಬಳೇ ತಿಂತೀನಿ. ಹೋಳಿಗೆ ತಿಂತೀನಿ, ತುಪ್ಪ ಸುರ್ಕೊಂಡು. ಯುಗಾದಿ ಹೊತ್ತಿಗೆ ನೀವು ನಕುಲ ಆಗಿರ್ತೀರಿ."

"ಸಹದೇವ," ಎಂದು ಕೆಂಪಮ್ಮ ತಿದ್ದಿದಳು.

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವನು ಗರಡಿಯ ಬಾಗಿಲಲ್ಲಿ ನಿಂತಿದ್ದ.

ಮೊದಲ ದಿನವೇ ಕಲ್ಲುಗುಂಡು ಎತ್ತಿಸುತ್ತಾರೆ ಎಂದುಕೊಂಡಿದ್ದೆ. ಉಸ್ತಾದರು ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಕೈ ಊರದೆ ಏಳಿ, ಮತ್ತೆ ಕೂತುಕೊಳ್ಳಿ ಎಂದರು. ಕಾಲೇಜಿಗೆ ಹೋಗಿಬರುವ ಹೆಂಗಸಿಗೆ ಏಳಲು ಕೂರಲು ಕಲಿಸುತ್ತಾರಲ್ಲ ಎಂದು ಅವಮಾನವಾಯಿತು. ಸ್ವಲ್ಪ ಹೊತ್ತಿಗೆ ತೊಡೆ ನಡುಗಿ ಅವಮಾನ ಹೋಯಿತು. ಪಕ್ಕದಲ್ಲಿ ಭೀಮ, "ದ್ರೌಪದೀ, ದ್ರೌಪದೀ" ಎಂದು ಮುಲುಗುತ್ತಿದ್ದ. ಸಾಮು ಮುಗಿದ ಮೇಲೆ ಜಗಲಿಯಲ್ಲಿ ಊಟ. ಕೆಂಪಮ್ಮ ಇಬ್ಬರಿಗೂ ಒಂದೇ ಅಳತೆಯ ಮುದ್ದೆ, ಹೆಸರುಕಾಳಿನ ಸಾರು, ಒಂದು ಲೋಟ ಹಾಲು ತರುತ್ತಿದ್ದಳು. ಯಾರೂ ಮೋಸ ಮಾಡದಿರಲಿ ಎಂದು ಎದುರುಬದುರು ಕೂತು, ಹಗೆಗಳು ಹಸೆಯ ಮೇಲೆ ಕೂತ ಹಾಗೆ ಒಬ್ಬರ ತುತ್ತು ಒಬ್ಬರು ನೋಡುತ್ತಾ ನುಂಗುತ್ತಿದ್ದೆವು. ಮೊದಲ ದಿನ ಅರ್ಧ ಮುದ್ದೆಗೆ ನನ್ನ ಕೈ ನಿಂತಿತು. ಹೊಟ್ಟೆ ತುಂಬಿರಲಿಲ್ಲ, ತಲೆ ತುಂಬಿತ್ತು: ಇದು ಎಲ್ಲಿ ಹೋಗಿ ಕೂರುತ್ತದೆ, ಯಾವಾಗ ಕಾಣುತ್ತದೆ, ಯಾರು ಮೊದಲು ನೋಡುತ್ತಾರೆ. "ನುಂಗಿ ಮೇಡಂ," ಎಂದರು ಉಸ್ತಾದರು, "ಅದೇನು ಪರೀಕ್ಷೆ ಪೇಪರಾ, ಹಾಗೆ ನೋಡ್ತೀರಿ?" ನುಂಗಿದೆ. ಚೆಲುವಯ್ಯನೂ ಅಳುಮುಖ ಮಾಡಿಕೊಂಡು ನುಂಗಿದ; ಅವನಿಗೆ ಅಳು ಬಂದದ್ದು ಎರಡನೇ ಮುದ್ದೆ ಇಲ್ಲ ಎಂದು.

ಭಾನುವಾರ ಸಾಮು ಇರಲಿಲ್ಲ. ನನಗೆ ಅದು ಸೋಮಾರಿತನ ಎನ್ನಿಸಿ ಒಂದು ಭಾನುವಾರ ಒಬ್ಬಳೇ ಹೋಗಿ ಬಾಗಿಲು ಬಡಿದೆ. ಉಸ್ತಾದರು ಕಿಟಕಿಯಿಂದಲೇ, "ಮನೆಗೆ ಹೋಗಿ ಮಲಗಿ. ಮೈ ಕಟ್ಟೋದು ನಿದ್ದೇಲಿ" ಎಂದು ಗದರಿ ಕಿಟಕಿ ಮುಚ್ಚಿದರು. ಮಲಗಿದೆ. ಅಷ್ಟು ವರ್ಷ ಹಸಿವಿನಲ್ಲಿ ಮಲಗಿದ್ದವಳಿಗೆ ಹೊಟ್ಟೆ ತುಂಬಿದಾಗ ಬರುವ ನಿದ್ದೆಯ ಗುರುತೇ ಇರಲಿಲ್ಲ. ಸಂಜೆ ಅಮ್ಮ ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳಂತೆ.

ಬೆಂಚಿನಿಂದ ಬಸ್ಕಿಗೆ ಬಂದೆವು, ಬಸ್ಕಿಯಿಂದ ಮರಳಿನ ಚೀಲಕ್ಕೆ. ಸೊಂಟ ಹಿಂದಕ್ಕೆ, ಬೆನ್ನು ನೆಟ್ಟಗೆ, ಚೀಲ ಮೈಗೆ ಅಂಟಿರಬೇಕು, ಕಾಲಿನಿಂದ ಎತ್ತಬೇಕು. ಉಸ್ತಾದರು ಆ ಚೀಲಕ್ಕೆ ನಮ್ಮಮ್ಮನ ಹೆಸರನ್ನೇ ಇಟ್ಟಿದ್ದರು. ಮಠದಿಂದ ವ್ರತದ ಸುದ್ದಿ ಬಂದಾಗಲೆಲ್ಲ ಚೀಲದ ಬಾಯಿ ಬಿಚ್ಚಿ ಒಂದೆರಡು ಬೊಗಸೆ ಮರಳು ಸೇರಿಸಿ, "ಬುದ್ಧಿಯವರು ಹಾಲಿಗೆ ನೀರು ಬೆರೆಸೋಕೆ ಶುರುಮಾಡಿದಾರಂತೆ" ಎನ್ನುತ್ತಿದ್ದರು. ಬೇಸಿಗೆ ಕಳೆಯುವಷ್ಟರಲ್ಲಿ ಬೋರ್ಡಿನ ಮೇಲಿನ ಸಾಲಿನಲ್ಲಿ ಬರೆಯುವಾಗ ಭುಜ ನನ್ನದೇ ಎನ್ನಿಸತೊಡಗಿತು. ಬೆರಳ ತುದಿಗಳು ಬೆಚ್ಚಗಿದ್ದವು. ಬಾಚಣಿಗೆಗೆ ಕೂದಲು ಬರುವುದು ಕಡಿಮೆಯಾಯಿತು. ಚೆಲುವಯ್ಯ ಏಣಿ ಹತ್ತಿ ಗದೆ ಇಳಿಸಿಕೊಂಡು, ಇಳಿಸಿದ್ದಕ್ಕೆ ಕಾರಣ ಇಲ್ಲದ್ದರಿಂದ ಮತ್ತೆ ಹತ್ತಿ ಇಟ್ಟು ಬಂದನಂತೆ.

ಆದರೆ ತೂಕದ ಯಂತ್ರದ ಮುಳ್ಳು ಮಾತ್ರ ಮಿಸುಕಲಿಲ್ಲ. ಮಂಚದ ಕೆಳಗಿನ ಆ ಯಂತ್ರವನ್ನು ಎಸೆಯಿರಿ ಎಂದು ಉಸ್ತಾದರು ಹೇಳಿದ್ದರು, ಎಸೆದಿರಲಿಲ್ಲ. ಬೆಳಿಗ್ಗೆ ಎದ್ದು ಹತ್ತಿ ನಿಂತರೆ ಹಿಂದಿನ ವರ್ಷದ ಅದೇ ಅಂಕಿ. ತೂಕ ಅಷ್ಟೇ ಇರುವುದು ಸರಿಯೇ, ಇಬ್ಬರೂ ಸಮ ಉಣ್ಣುತ್ತಿದ್ದೆವು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ತೂಕ ಹೆಚ್ಚಿಲ್ಲ, ಬಲ ಹೆಚ್ಚಿದೆ. ಹಾಗಾದರೆ ಈ ಬಲ ಎಲ್ಲಿಂದ ಬಂತು? ನಮ್ಮ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ವಿಷಯ ರಕ್ತದಲ್ಲೇ ಇರುತ್ತದೆ: ನಿನಗೇನಾದರೂ ಬಂತೆಂದರೆ ಯಾರದೋ ಹೋಗಿದೆ. ಚೆಲುವಯ್ಯನದು ಹೋಗಿಲ್ಲ, ಅವನೂ ಗಟ್ಟಿಯಾಗುತ್ತಿದ್ದ. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನೂ, "ಇತ್ತೀಚೆಗೆ ಕೈಕಾಲು ಸೋಲ್ತಿದೆಯಾ?" ಎಂದು ವಿಚಾರಿಸಿದೆ. ಎಲ್ಲರೂ ಹೌದು ಎಂದರು. ಆ ಉತ್ತರದಿಂದ ಏನೂ ಸಾಬೀತಾಗುವುದಿಲ್ಲ ಎಂದು ಬಿಟ್ಟೆ.

ಆಮೇಲೆ ಅಮ್ಮ ಉಪ್ಪಿನಕಾಯಿ ಜಾಡಿ ಹಿಡಿದು ಬಂದಳು. "ಇದರ ಮುಚ್ಚಳ ಬಿಚ್ಚೇ. ಯಾಕೋ ಕೈಯಲ್ಲಿ ಶಕ್ತೀನೇ ಇಲ್ಲ." ಬಿಚ್ಚಿಕೊಟ್ಟೆ. ಮಾರನೆಯ ದಿನ ಇನ್ನೊಂದು ಜಾಡಿ. ಅದಾದ ಮೇಲೆ ಒಂದು ಬೆಳಿಗ್ಗೆ ಇಡ್ಲಿ ಪಾತ್ರೆ ಅವಳ ಕೈಯಿಂದ ಜಾರಿ ಬಿತ್ತು. ಆಗ ನನಗೆ ಲೆಕ್ಕ ಕೂಡಿಬಂತು. ಅಮ್ಮನನ್ನು ಎತ್ತಲೆಂದು ನಾನು ಕಟ್ಟಿಕೊಳ್ಳುತ್ತಿದ್ದ ಬಲ ಅಮ್ಮನಿಂದಲೇ ಬರುತ್ತಿದೆ.

ಅದೇ ವಾರ ಹೊಸ ಬ್ಲೌಸಿಗೆ ಅಳತೆ ಕೊಡಲು ಹೋದಾಗ ಕೆಂಪಮ್ಮ ಟೇಪು ಸುತ್ತಿ, "ತೋಳು ಬಿಡಿಸ್ಬೇಕು ಮೇಡ..." ಎಂದು ಮಾತಿನ ಮಧ್ಯೆಯೇ ನಾಲಿಗೆ ಕಚ್ಚಿಕೊಂಡಳು. ಯಂತ್ರದ ಹಿಂದಿನಿಂದ ಚೆಲುವಯ್ಯ ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದ. ನಾನು ನಕ್ಕು ಮನೆಗೆ ಬಂದೆ. ಬರುವ ದಾರಿಯಲ್ಲಿ ಸೌತೆಕಾಯಿ ಕೊಂಡೆ. ಗರಡಿ ಬಿಟ್ಟೆ, ಮುದ್ದೆ ಬಿಟ್ಟೆ. ಅಮ್ಮನಿಗಾಗಿ ಬಿಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಳೆಯ ಪಥ್ಯ ಈ ಸಲ ತ್ಯಾಗದ ಸೀರೆ ಉಟ್ಟು ಬಂದಿತ್ತು. ಸೀರೆ ಚೆನ್ನಾಗಿದ್ದದ್ದರಿಂದ ಮುಖ ನೋಡಲಿಲ್ಲ.

ತಿಂಗಳು ಕಳೆಯುವ ಮೊದಲು ಚೆಲುವಯ್ಯ ನಮ್ಮ ಮನೆಗೆ ನುಗ್ಗಿದ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು.

"ಏನು ಭೀಮಣ್ಣಾ, ಬೆಳಗ್ಗೆನೇ ಗರ್ಜನೆ?" ಎಂದಳು ಅಮ್ಮ.

"ನಿಮ್ಮ ಮಗಳು ಮತ್ತೆ ಸೌತೆಕಾಯಿಗೆ ಬಿದ್ದಿದ್ದಾರೆ ಅಮ್ಮಾವ್ರೇ. ನಾನು ಬಸ್ಕಿ ಹೊಡೆಯೋಕೆ ಹೋದ್ರೆ ಅರ್ಧಕ್ಕೆ ನಿಂತುಬಿಡ್ತೀನಿ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನಿನ್ನೆ ಉಸ್ತಾದರು ಬಂದು ಬಿಡಿಸಬೇಕಾಯ್ತು."

"ತೂಕ ಹೆಚ್ಚಾದ್ರೆ ನಿಮಗೆ ಒಳ್ಳೇದೇ ಅಲ್ವಾ?" ಎಂದೆ. "ಭೀಮ ಇನ್ನೂ ದೊಡ್ಡದಾಗಿ ಕಾಣ್ತಾನೆ."

"ಕಾಣೋದು ಬಿಡಿ ಮೇಡಮ್ಮೋರೇ. ಏಣಿ ಹತ್ತಿದ್ದೆ ನಾನು!" ಅವನು ಗದೆ ಹಿಡಿದವನಂತೆ ಮುಷ್ಟಿ ಎತ್ತಿದ. "ಇಷ್ಟು ವರ್ಷ ನಿಮ್ಮ ಮೈ ಹೊತ್ಕೊಂಡು ತಿರುಗ್ತಿದ್ದೆ. ಈಗ ತಾನೇ ಒಂದಿಷ್ಟು ನನ್ನದು ಅಂತ ಸಿಕ್ಕಿತ್ತು. ಯಾಕೆ ಬಿಟ್ರಿ ಹೇಳಿ."

ಹೇಳಿದೆ. ಅಮ್ಮನ ಎದುರಿಗೇ ಹೇಳಬೇಕಾಯಿತು. ಬಲ ಎಲ್ಲಿಂದಲೋ ಬರಬೇಕಲ್ಲ, ಅಮ್ಮನ ಕೈ ಸೋಲುತ್ತಿದೆ, ಜಾಡಿ, ಇಡ್ಲಿ ಪಾತ್ರೆ, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ವಿವರಣೆ ಚೆನ್ನಾಗಿತ್ತು, ಚೆಲುವಯ್ಯ ತಲೆದೂಗಿದ. ಅಮ್ಮ ನನ್ನ ಕಡೆ ತಿರುಗಿದಳು.

"ನನ್ನ ಬಲ ನೀನು ತಗೊಂಡೆ ಅಂತೀಯಾ?"

"ಹೂಂ."

"ಭೀಮಣ್ಣಾ, ಕೈ ಕೊಡಿ ಇಲ್ಲಿ."

ಅವನು ಕೊಟ್ಟ. ಅಮ್ಮ ಕಾಯಿ ಹಿಂಡುವ ಹಾಗೆ ಒಮ್ಮೆ ಹಿಂಡಿದಳು. "ಅಯ್ಯಯ್ಯೋ ಅಮ್ಮಾವ್ರೇ, ಬಿಡೀ, ಕತ್ತರಿ ಹಿಡಿಯೋ ಕೈ ಅದು!" ಎಂದು ಭೀಮ ಸೋಫಾದ ಹಿಡಿ ತಬ್ಬಿಕೊಂಡ. ಅಮ್ಮ ಬಿಡುವ ಆತುರ ತೋರಿಸಲಿಲ್ಲ. ನನಗೆ ಸರಿಯಾಗಿ ಕಾಣಲಿ ಎಂದು ಇನ್ನೊಮ್ಮೆ ಹಿಂಡಿ ಬಿಟ್ಟಳು.

"ಮತ್ತೆ ಉಪ್ಪಿನಕಾಯಿ ಜಾಡಿ?"

"ನೀನು ಬಿಚ್ಚೋದು ನೋಡೋಕೆ ಚೆನ್ನಾಗಿತ್ತು ಕಣೇ," ಎಂದಳು ಅಮ್ಮ, ನನ್ನ ಕಡೆ ನೋಡದೆ. "ಮೊದಲು ನಿನ್ನ ಕೈಲಿ ಆಗ್ತಿರ್ಲಿಲ್ಲ."

"ಇಡ್ಲಿ ಪಾತ್ರೆ?"

"ಅದು ಸುಡ್ತಿತ್ತು. ಸುಡೋ ಪಾತ್ರೆ ಬಿಡದೆ ಹಿಡ್ಕೊಂಡು ನಿಲ್ಲೋಕೆ ನಾನೇನು ನಿನ್ನ ಹಾಗೆ ಓದಿದೀನಾ?"

ಚೆಲುವಯ್ಯ ಕೈ ಊದಿಕೊಳ್ಳುತ್ತಾ ಮುದ್ದೆ ಯಾವಾಗಿನಿಂದ ಎಂದು ಕೇಳಿದ. ಇವತ್ತಿನಿಂದ ಎಂದೆ. ಅವನು ಹೋದ ಮೇಲೆ ಮತ್ತೆ ಲೆಕ್ಕ ಹಾಕಿದೆ. ತೂಕಕ್ಕೆ ನಂಟರಿದ್ದಾರೆ, ಬಲಕ್ಕೆ ಇಲ್ಲ. ಅದು ಯಾರ ಮೈಯಿಂದಲೂ ಇಳಿದು ಬರುವುದಿಲ್ಲ. ಉಂಡು, ಎತ್ತಿ, ಮಲಗಿದರೆ ಇಲ್ಲದ ಕಡೆಯಿಂದ ಹುಟ್ಟುತ್ತದೆ. ಇಷ್ಟು ಸರಳವಾದದ್ದು ನಮ್ಮ ಊರಿಗೆ ಯಾಕೆ ತಿಳಿದಿರಲಿಲ್ಲವೆಂದರೆ ನಾವು ಅಳೆಯುತ್ತಿದ್ದದ್ದು ತಕ್ಕಡಿಯಲ್ಲಿ ಮಾತ್ರ. ಸಂಜೆ ಮಂಚದ ಕೆಳಗಿನ ಯಂತ್ರವನ್ನು ಹಿತ್ತಿಲಿಗೆ ಒಯ್ದು ತುಳಸಿಕುಂಡದ ಕೆಳಗೆ ಇಟ್ಟೆ. ಅಂದಿನಿಂದ ಅದು ತುಳಸಿಯ ತೂಕ ತೋರಿಸುತ್ತಿದೆ. ನೀರು ಹಾಕಿದ ದಿನ ಏರುತ್ತದೆ, ತುಳಸಿ ಅದಕ್ಕೆ ಬೇಜಾರು ಮಾಡಿಕೊಂಡದ್ದು ಕಂಡಿಲ್ಲ.

ಗರಡಿಯಲ್ಲಿ ಉಸ್ತಾದರು ನನ್ನನ್ನು ಬೈಯಲಿಲ್ಲ. ಮತ್ತೆ ಬೆಂಚಿನ ಮೇಲೆ ಕೂರಿಸಿ ಏಳಿ, ಕೂತುಕೊಳ್ಳಿ ಎಂದರು. ಬೈದಿದ್ದರೇ ವಾಸಿಯಿತ್ತು.

ನವರಾತ್ರಿಯಲ್ಲಿ ಕೀಚಕವಧೆ ಆಯಿತು. ಹಿಂದಿನ ವರ್ಷಗಳಲ್ಲೆಲ್ಲ ಭೀಮ ಹೂಂಕರಿಸಿದಾಗ ಕೀಚಕನ ಪಾತ್ರದವನು ತಾನೇ ನೆಗೆದು ಅವನ ಹೆಗಲೇರಬೇಕಿತ್ತು. ದೀಪ ಮಂಕು ಮಾಡಿ ಅದನ್ನು ಮರೆಮಾಚುತ್ತಿದ್ದರು. ಈ ಸಲ ಚೆಲುವಯ್ಯ ಸೊಂಟ ಹಿಂದಕ್ಕೆ ಇಟ್ಟು, ಬೆನ್ನು ನೆಟ್ಟಗೆ ಮಾಡಿ, ಕಾಲಿನಿಂದ ಎತ್ತಿದ. ತಾನು ಎತ್ತಿದ್ದೇನೆ ಎಂದು ಗೊತ್ತಾದ ಮೇಲೆ ಅವನಿಗೆ ಇಳಿಸಲು ಮನಸ್ಸೇ ಬರಲಿಲ್ಲ. ವೇದಿಕೆಯ ಸುತ್ತ ನಡೆದ, ಜನರ ನಡುವೆ ಇಳಿದು ಬಂದ, ಕೆಂಪಮ್ಮನ ಮುಂದೆ ನಿಂತು ತೋರಿಸಿದ. ಹೆಗಲ ಮೇಲಿಂದ ಕೀಚಕ, "ಕೊಲ್ಲೋ ಮಾರಾಯ, ನನಗೆ ಸಾಯೋ ಹಾಡಿದೆ" ಎಂದು ಬೇಡಿಕೊಳ್ಳುತ್ತಿದ್ದ. ನಾನು ಚಕ್ಕುಲಿ ತಿನ್ನುತ್ತಾ ನೋಡಿದೆ. ಎಷ್ಟು ತಿಂದೆನೋ ನೆನಪಿಲ್ಲ.

ಮಠದಲ್ಲಿ ವ್ರತದ ಕೊನೆಯ ವಾರ. ಸ್ವಾಮಿಗಳು ಹಾಲನ್ನೂ ಬಿಟ್ಟು ಬರೀ ನೀರಿನಲ್ಲಿದ್ದಾರೆ ಎಂಬ ಸುದ್ದಿ ಬಂತು. ಅಮ್ಮನ ಬಳೆಗಳು ಮಣಿಕಟ್ಟಿನಲ್ಲಿ ಬಿಗಿದು ಅಲ್ಲೇ ಸಿಕ್ಕಿಕೊಂಡವು. ಅವಳು ಆ ತನಕ ಯಾವತ್ತೂ ಅಷ್ಟು ಭಾರ ಇರಲಿಲ್ಲ. ವ್ರತ ಮುಗಿಯಲಿ, ಅವರು ಪಾರಣೆ ಮಾಡಲಿ, ಸ್ವಲ್ಪ ಇಳಿದ ಮೇಲೆ ನೋಡೋಣ ಎಂದುಕೊಂಡಿದ್ದೆ. ಶನಿವಾರ ಬೆಳಿಗ್ಗೆ ಎದ್ದು ಬಂದರೆ ಬಚ್ಚಲ ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಅಮ್ಮ ಹಂಡೆಯ ಪಕ್ಕದಲ್ಲಿ ನಿಂತು ಎಣ್ಣೆ ಬೆಚ್ಚಗೆ ಮಾಡುತ್ತಿದ್ದಳು.

"ಮುಂದಿನ ವಾರ ಮಾಡ್ಕೋಬಹುದಲ್ಲ?" ಎಂದೆ. ನನ್ನ ದನಿ ತೆಳ್ಳಗಿತ್ತು.

"ಮುಂದಿನ ವಾರ ನಾನು ಹಗುರ ಇರ್ತೀನಿ. ಹಗುರ ಇದ್ದಾಗ ಎತ್ತೋದೇನು ಹೆಚ್ಚುಗಾರಿಕೆ?" ಎಂದು ಸೀರೆ ಸಡಿಲಿಸಿದಳು. ಆಮೇಲೆ ಮಣೆಯನ್ನು ನೋಡಿದಳು. ಒಂದು ಕೈಯನ್ನು ಗೋಡೆಗೆ ಊರಿದಳು. ಇನ್ನೊಂದರಲ್ಲಿ ನನ್ನ ತೋಳು ಹಿಡಿದುಕೊಂಡು, ಕಣ್ಣು ಮುಚ್ಚಿ, ಕೆಳಗೆ ಇಳಿದು ಕೂತಳು.

ನೆತ್ತಿಗೆ ಎಣ್ಣೆ ಬಡಿದೆ. ಬೆನ್ನಿಗೆ ತಿಕ್ಕಿದೆ. ಮೊದಲ ಚೊಂಬು ಬಿಸಿನೀರು ಬಿದ್ದಾಗ ಅಮ್ಮ ಮಾತಾಡಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಸತ್ತ ಅತ್ತೆಯ ಹೆಸರು ಬಂತು. ಅಲ್ಲಿಂದ ಹಿಡಿದು, ಇಡೀ ವರ್ಷದ ಬಾಕಿಯಿದ್ದದ್ದರಿಂದ, ಯಾರನ್ನೂ ಬಿಡಲಿಲ್ಲ. ನಾದಿನಿಯರು ಮುಗಿದರು, ಹಾಲಿನವನು ಮುಗಿದ, ಬೀರುವಿನ ಹಾಗೆ ಸಾಗಿಸಿದ ಪಕ್ಕದ ಮನೆಯವರು ಮುಗಿದರು, ಕಡೆಗೆ ಸ್ವಾಮಿಗಳ ಸರದಿ ಬಂತು. ಅದನ್ನು ಇಲ್ಲಿ ಬರೆಯುವಂತಿಲ್ಲ. ಹಂಡೆ ಬರಿದಾಯಿತು.

"ಎತ್ತು," ಎಂದಳು.

ಎಣ್ಣೆ ಹಚ್ಚಿದ ಮೈಗೂ ಒದ್ದೆ ಕೈಗೂ ನಡುವೆ ಘರ್ಷಣೆ ಇರುವುದಿಲ್ಲ ಎಂಬ ಸರಳ ವಿಷಯವನ್ನು ನಾನೂ ಉಸ್ತಾದರೂ ಇಬ್ಬರೂ ಮರೆತಿದ್ದೆವು. ಮರಳಿನ ಚೀಲ ಒಣಗಿರುತ್ತದೆ. ಕಂಕುಳಿಗೆ ಕೈ ಹಾಕಿದರೆ ಅಮ್ಮ ಸೋಪಿನ ಹಾಗೆ ಜಾರಿದಳು. ಮತ್ತೆ ಹಾಕಿದೆ, ಮತ್ತೆ ಜಾರಿದಳು. ಅಮ್ಮನ ಮುಖದಲ್ಲಿ ಹಳೆಯ ಹೆದರಿಕೆ ಇಣುಕಿತು. ಪಕ್ಕದ ಮನೆಯವರನ್ನು ಕರೆಯಲೇ ಎಂದು ಕೇಳಬೇಕೆಂದಿದ್ದ ಮಾತನ್ನು ನುಂಗಿ, ದಪ್ಪನೆಯ ಟವೆಲ್ಲು ತಂದು ಅವಳ ಬೆನ್ನ ಹಿಂದಿನಿಂದ ಕಂಕುಳ ಕೆಳಗೆ ಹಾಯಿಸಿ ಎರಡೂ ತುದಿಗಳನ್ನು ಮುಷ್ಟಿಗೆ ಸುತ್ತಿಕೊಂಡೆ. ಪಾದ ಅಗಲಿಸಿದೆ. ಸೊಂಟ ಹಿಂದಕ್ಕೆ, ಬೆನ್ನು ನೆಟ್ಟಗೆ. ಅಮ್ಮನನ್ನು ಎದೆಗೆ ಅಂಟಿಸಿಕೊಂಡೆ.

"ಅಮ್ಮಾ, ಕಾಲು ಮಡಚ್ಕೋ. ನಾನು ಹೂಂ ಅಂದಾಗ ನೀನೂ ಒತ್ತು."

"ಹೂಂ ಅನ್ನು ಮತ್ತೆ."

"ಹೂಂ."

ಮೊದಲು ಏನೂ ಆಗಲಿಲ್ಲ. ಮಠ, ಗುಡ್ಡ, ಒಂದು ವರ್ಷದ ಲೋಕಕಲ್ಯಾಣ ಎಲ್ಲವೂ ಆ ಟವೆಲ್ಲಿನಲ್ಲಿ ಕೂತಿತ್ತು. ತೊಡೆ ನಡುಗಿತು. ಕಣ್ಣಿಗೆ ಕತ್ತಲೆ ಬರುತ್ತದೆಯೇ ಎಂದು ಕಾದೆ, ಬರಲಿಲ್ಲ. ಬೆಳಕಿನಲ್ಲೇ ಅಮ್ಮ ಮಣೆಯಿಂದ ಬಿಟ್ಟುಬಂದಳು, ನಿಧಾನವಾಗಿ ಮೇಲೆ ಬಂದಳು, ಮೂಗಿಗೆ ಹರಳೆಣ್ಣೆಯ ವಾಸನೆ ಬಡಿಯುವಷ್ಟು ಹತ್ತಿರ ಅವಳ ಮುಖ ನನ್ನ ಮುಖದ ಮಟ್ಟಕ್ಕೆ ಬಂತು. ಇಬ್ಬರೂ ನಿಂತಿದ್ದೆವು.

ಅಮ್ಮ ನನ್ನ ಭುಜದ ಮೇಲೆ ಕೈಯಿಟ್ಟಳು. ಒಮ್ಮೆ ಒತ್ತಿ ನೋಡಿದಳು. ಏನೋ ಹೇಳುತ್ತಾಳೆ ಎಂದು ಕಾದೆ.

"ಬೆನ್ನಲ್ಲಿ ಸೀಗೆಪುಡಿ ಹಾಗೇ ಉಳಿದಿದೆ ಕಣೇ," ಎಂದಳು. "ಇನ್ನೊಂದು ಹಂಡೆ ಕಾಯಿಸು. ಅಲ್ಲೀತನಕ ನನ್ನ ಮತ್ತೆ ಕೂರಿಸು."

ಕೂರಿಸಿದೆ.